ಫಕೀರಪ್ಪನ ದನಿ ಬರುವ ತಂತಿ

ಫಕೀರಪ್ಪನಿಗೆ ನೀರಡಿಕೆಯಾಗಿತ್ತು. ತುಟಿ ಅಲ್ಲಾಡಿಸಿದ. ಸೊಸೆ ಚಂಪಾ ಅವನ ತುಟಿ ನೋಡಿಯೇ ತಿಳಿದು, ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. ಅವನು ಗಟಗಟನೆ ಕುಡಿದು, ತಂಬಿಗೆ ಕೆಳಗಿಟ್ಟು, ಮೀಸೆ ಒರೆಸಿಕೊಂಡ ಮೇಲೆ ಮೇಜಿನ ಮೇಲಿದ್ದ ಕಂಪ್ಯೂಟರು ಮದುವೆ ಮನೆಯಲ್ಲಿ ಕೂಗಿದಷ್ಟು ಗಟ್ಟಿಯಾಗಿ, "ಯವ್ವಾ, ನೀರು ತಾ" ಎಂದಿತು.

ಕಸ್ತೂರೆವ್ವನಿಗೆ ನಗು ತಡೆಯಲಾಗಲಿಲ್ಲ. ಗಂಡನ ಮುಖ ನೋಡಿ ಆ ನಗುವನ್ನು ಕೆಮ್ಮು ಮಾಡಿಕೊಂಡಳು. ಅಷ್ಟರೊಳಗೆ ಫಕೀರಪ್ಪ ಗೋಡೆಯ ಕಡೆ ತಿರುಗಿ ಕುಳಿತಿದ್ದ.

ಗದಗ-ಬೆಟಗೇರಿಯಲ್ಲಿ ಆ ದನಿ ಗೊತ್ತಿಲ್ಲದವರು ಕಡಿಮೆ. ಮದುವೆ, ಸೀಮಂತ, ಗುಗ್ಗಳ, ಏನೇ ಇರಲಿ, ಅಡಿಗೆ ಫಕೀರಪ್ಪನದು. ಅಡಿಗೆಗಿಂತಲೂ ಅವನು ಬಡಿಸುವ ರೀತಿಗೆ ಹೆಸರಾಗಿದ್ದ. ಪಂಕ್ತಿಯ ನಡುವೆ ಒಂದು ಸಲ ಅಡ್ಡಾಡಿದರೆ ಸಾಕು, ಯಾರ ಎಲೆಯಲ್ಲಿ ಪಲ್ಯ ಮುಗಿದಿದೆ, ಯಾರು ನಾಚಿಕೊಂಡು ಬರಿ ರೊಟ್ಟಿ ತಿನ್ನುತ್ತಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಅಲ್ಲಿಂದಲೇ ಕೂಗುತ್ತಿದ್ದ. ಆಮೇಲೆ ಗಂಟಲಿಗೆ ಕ್ಯಾನ್ಸರ್ ಬಂತು. ಡಾಕ್ಟರುಗಳು ಜೀವ ಉಳಿಸಿ, ದನಿಯ ಪೆಟ್ಟಿಗೆಯನ್ನು ಕತ್ತರಿಸಿ ತೆಗೆದರು. ಗುತ್ತಿಗೆಯ ಕೆಲಸ ಈಗ ಮಗ ಮಹಾಂತೇಶನ ಕೈಯಲ್ಲಿತ್ತು. ಮದುವೆಯ ಕಾಲವಾದ್ದರಿಂದ ಅವನು ಮನೆಯಲ್ಲಿ ಕಾಣುತ್ತಿದ್ದುದೇ ಅಪರೂಪ.

ಆಸ್ಪತ್ರೆಯವರು ಫಕೀರಪ್ಪನ ಕೊರಳಿಗೆ ಒಂದು ಮೆತ್ತನೆಯ ಪಟ್ಟಿ ಕಟ್ಟಿದ್ದರು. ಮನುಷ್ಯ ಮಾತಾಡಲು ಹೊರಟರೆ ದನಿ ಇರಲಿ ಬಿಡಲಿ, ಕೊರಳ ಸ್ನಾಯುಗಳು ಅಲುಗುತ್ತವೆ. ಆ ಅಲುಗಾಟವನ್ನು ಪಟ್ಟಿ ಹಿಡಿದು ಕಂಪ್ಯೂಟರಿಗೆ ಕೊಡುತ್ತಿತ್ತು. ಕಂಪ್ಯೂಟರು ಅದನ್ನು ತಂತಿಯ ಮೂಲಕ ದೂರದ ದೊಡ್ಡ ಯಂತ್ರಕ್ಕೆ ಕಳಿಸುತ್ತಿತ್ತು. ಆ ಯಂತ್ರ ಅದನ್ನು ಮಾತಾಗಿ ಹೆಣೆದು, ಫಕೀರಪ್ಪನದೇ ದನಿಯಲ್ಲಿ ತಿರುಗಿ ಕಳಿಸುತ್ತಿತ್ತು. ಗಾಳಿಯಲ್ಲಿ ಹೋಗುವ ಸಂಪರ್ಕದಲ್ಲಿ ಅಕ್ಷರಗಳು ಉದುರಿ ಹೋಗುತ್ತವೆಂದು ತಂತಿಯೇ ಬೇಕೆಂದಿದ್ದರು. ದನಿಯ ಮಾದರಿಗಾಗಿ ಊರವರ ಮನೆಗಳಿಂದ ಮದುವೆಯ ವಿಡಿಯೋಗಳನ್ನು ತಂದು ಕೊಟ್ಟಿದ್ದರು. ಅವುಗಳಲ್ಲಿ ಎಲ್ಲಿ ನೋಡಿದರೂ ಅವನು ಕೂಗುತ್ತಲೇ ಇದ್ದ. ಹಾಗಾಗಿ ಈಗ ಮೆಲ್ಲಗೆ ಹೇಳಿದ್ದೂ ಕೂಗಾಗಿಯೇ ಬರುತ್ತಿತ್ತು.

ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ತಡ. ಮೊದಲ ಕೆಲವು ದಿನ ತುಟಿಯ ಜೊತೆಗೇ ದನಿ ಬಂದಿತ್ತು. ಮೊದಲ ಸಲ ಅದನ್ನು ಕೇಳಿದಂದು ಕಸ್ತೂರೆವ್ವ ಅಡಿಗೆ ಮನೆಯಲ್ಲಿ ಕುಳಿತು ಅತ್ತಿದ್ದಳು. ಆಮೇಲೆ ಮಾತು ಹಿಂದೆ ಬೀಳತೊಡಗಿತು. ಬಂದ ನೆಂಟರು ಅವನು ಕೇಳಿದ್ದಕ್ಕೆ ಉತ್ತರ ಕೊಡುವ ಬದಲು ಬೇರೆ ಮಾತು ತೆಗೆಯುತ್ತಿದ್ದರು. ಅದರ ನಡುವೆ ಅವನ ಹಳೆಯ ಪ್ರಶ್ನೆ ಧುತ್ತೆಂದು ಬಂದು ಬೀಳುತ್ತಿತ್ತು. ಫಕೀರಪ್ಪ ದಿನದಿನಕ್ಕೆ ಮಾತು ಕಡಿಮೆ ಮಾಡಿದ.

ಚಂಪಾಳಿಗೆ ಭಯವಾಗಿದ್ದು ಅದಕ್ಕೇ. ಇಂಥ ಪಟ್ಟಿಗಳು ಕಡಿಮೆ, ಕಾಯುವವರು ಹೆಚ್ಚು. ಬರುವ ಸೋಮವಾರ ಆಸ್ಪತ್ರೆಯಿಂದ ಡಾಕ್ಟರಮ್ಮ ನೋಡಲು ಬರುವವರಿದ್ದರು. ಪಟ್ಟಿ ಕಟ್ಟಿಕೊಂಡವರು ಅದರಿಂದ ಮಾತಾಡದಿದ್ದರೆ ಬಿಚ್ಚಿ ಇನ್ನೊಬ್ಬರಿಗೆ ಕೊಡುವುದು ಅವರ ಪದ್ಧತಿ. ಅದೇನೂ ಅನ್ಯಾಯವಲ್ಲ ಎಂದು ಚಂಪಾಳಿಗೂ ಅನ್ನಿಸಿತ್ತು. ಆದರೆ ಆ ದನಿ ಮತ್ತೊಮ್ಮೆ ಹೋದರೆ ಮಾವ ಗೋಡೆಯಿಂದ ಈಚೆ ತಿರುಗುವುದಿಲ್ಲವೆಂದೂ ಅನ್ನಿಸಿತ್ತು.

ಇಂಟರ್ನೆಟ್ ರಿಪೇರಿಗೆ ಪ್ರಭುಲಿಂಗ ಬಂದ. ಮೈತುಂಬ ಅವಸರವಿದ್ದ ಮನುಷ್ಯ. ಕುಳಿತರೆ ಮೊಣಕಾಲು ಕುಣಿಯುತ್ತಿತ್ತು.

"ಮಂದ ಅನ್ನೋದು ನಾಕ ಕಡೆ ಅಡಗಿರತೈತ್ರಿ ಅಕ್ಕಾರ," ಎಂದ. "ತಂತ್ಯಾಗ, ತಂತಿ ಚುಚ್ಚೋ ತೂತಿನ್ಯಾಗ, ನಡುವಿನ ರೂಟರ್ ಡಬ್ಬಿಯೊಳಗ, ಇಲ್ಲಾ ಕಂಪ್ಯೂಟರದಾಗ. ಒಂದೊಂದ ಹುಡುಕೂಣು."

ಮೊದಲು ತಂತಿ. ಅದರೊಳಗೆ ಕೂದಲಿನಂಥ ಎಳೆಗಳು ಜೋಡಿಜೋಡಿಯಾಗಿ ಹೆಣೆದುಕೊಂಡಿರುತ್ತವಂತೆ. ಒಂದು ಜೋಡಿ ಕಡಿದರೂ ತಂತಿ ಸಾಯುವುದಿಲ್ಲ, ಕುಂಟುತ್ತದೆ. ವೇಗ ಹತ್ತರಲ್ಲಿ ಒಂದು ಪಾಲಾಗುತ್ತದೆ. ಬಾಗಿಲ ಸಂದಿಯಲ್ಲಿ ಜಜ್ಜಿಹೋದ ತಂತಿ ತೆಗೆದು ಹೊಸದು ಹಾಕಿದ. ನಡುವಿನ ಡಬ್ಬಿಯನ್ನು ತಪ್ಪಿಸಿ ಕಂಪ್ಯೂಟರಿಗೆ ನೇರ ಜೋಡಿಸಿ ನೋಡಿದ. ಟಿವಿಯ ಸಂಪರ್ಕ ಕಿತ್ತ. ಕಂಪ್ಯೂಟರು ಯಾರಿಗೂ ಹೇಳದೆ ತನ್ನಷ್ಟಕ್ಕೆ ಏನೇನೋ ಇಳಿಸಿಕೊಳ್ಳುತ್ತಿದ್ದುದನ್ನು ನಿಲ್ಲಿಸಿದ. ಆಮೇಲೆ ವೇಗ ಅಳೆಯುವ ಗುಂಡಿ ಒತ್ತಿದ. ಪರದೆಯ ಮೇಲಿನ ಮುಳ್ಳು ಮೆಲ್ಲಗೆ ಎದ್ದಿತು. ಮತ್ತೆ ಒತ್ತಿದ, ಮತ್ತೆ ಒತ್ತಿದ. ಮುಳ್ಳು ಬಲಗಡೆಯ ತುದಿಗೆ ಹೋಗಿ ನಡುಗುತ್ತ ನಿಂತಿತು.

"ಕುದುರಿ ಓಡಿದಂಗ ಓಡಾಕತ್ತೈತಿ ನೋಡ್ರಿ," ಎಂದು ಚಹಾ ಕುಡಿದು ಹೋದ. ಅವನ ಗಾಡಿಯ ಸದ್ದು ಓಣಿಯ ಆಚೆ ಮುಗಿಯುವಷ್ಟರಲ್ಲಿ ಕುದುರೆ ಮಲಗಿತ್ತು.

ಮರುದಿನವೂ ಬಂದ. ಮರುದಿನವೂ ಅವನು ಇರುವವರೆಗೆ ಎಲ್ಲ ಸರಿ ಇತ್ತು.

"ಡಾಕ್ಟರ್ ಬಾಗಲಕ್ಕ ಹೋದ ಕೂಡ್ಲೆ ಹಲ್ಲುನೋವು ನಿಂತಂಗ ಆತಲ್ಲೋ ತಮ್ಮಾ," ಎಂದಳು ಕಸ್ತೂರೆವ್ವ. "ನೀ ಇಲ್ಲೇ ಇದ್ದಬಿಡು. ಎರಡ ಹೊತ್ತು ಉಣ್ಣಾಕ ಹಾಕತೀನಿ."

"ಮನ್ಯಾಗ ಹೇಣ್ತಿನ್ನ ಕೇಳಬೇಕಲ್ರಿ ಯವ್ವಾ. ಆಕಿ ಹೂಂ ಅಂದ್ರೂ ಅಂದಾಳು."

ಅವರು ನಗುತ್ತಿದ್ದಾಗ ಚಂಪಾ ಬಾಗಿಲಿಗೆ ಒರಗಿ ನಿಂತು ಪ್ರಭುಲಿಂಗನ ಬೆರಳನ್ನೇ ನೋಡುತ್ತಿದ್ದಳು. ಮಾತು ಕಸ್ತೂರೆವ್ವನ ಜೊತೆ ನಡೆದಿದ್ದರೂ ಬೆರಳು ಗುಂಡಿಯನ್ನು ಬಿಟ್ಟಿರಲಿಲ್ಲ. ಒತ್ತುವುದು, ಒತ್ತುವುದು. ಈ ಮನೆಯಲ್ಲಿ ಹಾಗೆ ಒತ್ತುವವರೇ ಇರಲಿಲ್ಲ. ಪರದೆ ತಡಮಾಡಿದರೆ ಅತ್ತೆ ಅಕ್ಕಿಯ ಮೊರ ಎಳೆದುಕೊಂಡು ಹರಳು ಆರಿಸುತ್ತಿದ್ದಳು. ತಾನು ಬಟ್ಟೆ ಮಡಚುತ್ತಿದ್ದಳು. ಮಾವ ಎರಡೂ ಕೈ ತೊಡೆಯ ಮೇಲಿಟ್ಟು ಬಂದಾಗ ಬರಲಿ ಎಂದು ಕೂರುತ್ತಿದ್ದ.

ಕೇಳಬಾರದು ಎನ್ನುವುದು ಆ ಮನೆಯ ರೀತಿ. ಪಂಕ್ತಿಯಲ್ಲಿ ಕುಳಿತವನು ಬಾಯಿಬಿಟ್ಟು ಕೇಳುವಂತಾದರೆ ಬಡಿಸುವವನಿಗೆ ಕಣ್ಣಿಲ್ಲವೆಂದು ಅರ್ಥ, ಅದು ಮನೆಯ ಯಜಮಾನನಿಗೆ ಅವಮಾನ. ಫಕೀರಪ್ಪ ಅದನ್ನು ತನ್ನ ಮನೆಗೂ ತಂದಿದ್ದ. ಊಟಕ್ಕೆ ಕುಳಿತವರು ಇನ್ನಷ್ಟು ಎನ್ನುವಂತಿಲ್ಲ, ಬಡಿಸುವವರು ನೋಡಿ ಹಾಕಬೇಕು. ಚಂಪಾ ಮದುವೆಯಾಗಿ ಬಂದ ಹೊಸದರಲ್ಲಿ ಇದು ಗೊತ್ತಿರದೆ ಪಲ್ಯ ಕೇಳಿದಾಗ, ಅತ್ತೆ ಏನೋ ತಪ್ಪು ಮಾಡಿದವಳಂತೆ ಓಡಿ ಬಂದಿದ್ದಳು.

ಪ್ರಭುಲಿಂಗ ಹೋದ ಮೇಲೆ ಚಂಪಾ ತಾನೇ ಕುಳಿತು ಗುಂಡಿ ಒತ್ತಿದಳು. ಮುಳ್ಳು ಸ್ವಲ್ಪ ಎದ್ದಿತು. ಕೈ ತೆಗೆದಳು, ಬಿತ್ತು. ಮತ್ತೆ ಒತ್ತಿದಳು, ಎದ್ದಿತು. ಆ ಕಡೆ ಯಾರೋ ಕುಳಿತು ಕಿವಿಗೊಟ್ಟಂತೆ ಅನ್ನಿಸಿ ಮೈ ಜುಂ ಎಂದಿತು.

ಊರಿನ ಇಂಟರ್ನೆಟ್ ಕೇಂದ್ರಕ್ಕೆ ಅವಳು ಒಬ್ಬಳೇ ಹೋದಳು. ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಒಳಗೆ ಐಸ್‌ಕ್ರೀಮ್ ಗಾಡಿಯ ಹೊಟ್ಟೆ ಹೊಕ್ಕಂತೆ ಚಳಿ. ಗೋಡೆಯಗಲದ ಪರದೆಯ ಮೇಲೆ ಊರೆಲ್ಲ ಚುಕ್ಕಿಗಳಾಗಿ ಮಿನುಗುತ್ತಿತ್ತು. ಮನೆಗೊಂದು ಚುಕ್ಕಿ. ಅಲ್ಲಿದ್ದ ಎಂಜಿನಿಯರ್ ಮೈಸೂರು ಕಡೆಯ ವೈಜಯಂತಿ. ಒತ್ತುವವರಿಗಷ್ಟೇ ವೇಗ ಬರುತ್ತದೆ ಎನ್ನುವ ಚಂಪಾಳ ಮಾತು ತಡವರಿಸಿ, ನಿಂತು, ಮತ್ತೆ ಸಾಗಿ ಮುಗಿಯುವವರೆಗೂ ಆಕೆ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಚಂಪಾಳ ಮನೆಯ ಚುಕ್ಕಿಯನ್ನು ದೊಡ್ಡದು ಮಾಡಿ ನೋಡಿದಳು. ಆರಿಹೋಗುವ ಊದುಬತ್ತಿಯ ತುದಿಯಷ್ಟು ಬೆಳಕಿತ್ತು ಅದರಲ್ಲಿ.

"ನೀವು ಹೇಳ್ತಿರೋದು ಸರಿ ಅನ್ಸುತ್ತೆ," ಎಂದು ಕುರ್ಚಿ ಎಳೆದು ಕೂರಿಸಿದಳು.

ಹಿಂದೆ ಹಣ ಕೊಟ್ಟಷ್ಟು ವೇಗ ಇತ್ತು. ಆಮೇಲೆ ದೊಡ್ಡವರು ಫೋನು ಮಾಡಿ ಹೇಳಿದ ಮನೆಗೆ ವೇಗ ಹೋಗತೊಡಗಿತು. ಜನ ಬೇಸತ್ತು ಜಗಳ ತೆಗೆದ ಮೇಲೆ, ಹಂಚುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಒಂದು ಯಂತ್ರಕ್ಕೆ ಒಪ್ಪಿಸಿದರು. ಕೇಂದ್ರದವರು ಅದಕ್ಕೆ ಪಾಲುಗಾರ ಎನ್ನುತ್ತಿದ್ದರು. ಯಾವ ಮನೆಗೆ ಎಷ್ಟು ಬೇಕೆಂದು ಅದು ತಾನೇ ಕಲಿತುಕೊಳ್ಳುತ್ತಿತ್ತು. ವರ್ಷಗಟ್ಟಲೆ ನೋಡಿ ಅದು ಕಂಡುಕೊಂಡಿದ್ದು ಒಂದು ಸಂಗತಿ: ಅಗತ್ಯ ಇದ್ದಲ್ಲಿ ಅವಸರ ಇರುತ್ತದೆ. ಜನ ಮತ್ತೆಮತ್ತೆ ಒತ್ತುತ್ತಾರೆ, ಮುಚ್ಚಿ ತೆರೆಯುತ್ತಾರೆ. ಅಲ್ಲಿಗೆ ಅದು ಹೆಚ್ಚು ಹರಿಸುತ್ತಿತ್ತು. ಸುಮ್ಮನೆ ಕಾಯುವ ಮನೆಗೆ ಅಷ್ಟು ಸಾಕು ಎಂದು ತಿಳಿದು ಇನ್ನೂ ತುಸು ಕಡಿಮೆ ಮಾಡುತ್ತಿತ್ತು. ಆಗಲೂ ಸುಮ್ಮನಿದ್ದರೆ ಇನ್ನೂ ತುಸು. ಯಾರಾದರೂ ತಂತಿಯನ್ನೇ ಕಿತ್ತರೆ ಮಾತ್ರ ಆ ಮನೆಯ ಪಾಲನ್ನು ಅದೇ ಓಣಿಯ ಸಂಪರ್ಕ-ಪೆಟ್ಟಿಗೆಗೆ ಸೇರಿದ ಉಳಿದ ಮನೆಗಳಿಗೆಲ್ಲ ಸಮನಾಗಿ ಹಂಚುತ್ತಿತ್ತು.

"ಸಾಮಾನ್ಯವಾಗಿ ಅದರ ಲೆಕ್ಕ ತಪ್ಪಲ್ಲ. ಎಲ್ಲೋ ತಪ್ಪುತ್ತಿರಬೇಕು ಅಂತ ನಮಗೂ ಅನುಮಾನ ಇತ್ತು," ಎಂದಳು ವೈಜಯಂತಿ. "ಯಾರ ಮನೇಲಿ ಅಂತ ಗೊತ್ತಾಗ್ತಿರಲಿಲ್ಲ. ಅಂಥವರು ದೂರು ಕೊಡೋಕೆ ಬರೋದೇ ಇಲ್ವಲ್ಲ."

ತನ್ನ ಕೈಯಿಂದ ಒಂದು ಮನೆಯ ಪಾಲನ್ನೂ ಹೆಚ್ಚುಕಡಿಮೆ ಮಾಡಲಾಗದು, ಹಾಗೆ ಮಾಡಬಾರದೆಂದೇ ಪಾಲುಗಾರನನ್ನು ತಂದದ್ದು ಎಂದಳು. ಅದರ ಕಲಿಕೆಯನ್ನು ತಿದ್ದಬೇಕೆಂದು ನಗರಸಭೆಗೆ ಬರೆಯುತ್ತೇನೆ, ತಿಂಗಳುಗಳಾಗಬಹುದು ಎಂದಳು. ಸೋಮವಾರದ ಸಂಗತಿ ಕೇಳಿ, ಪರದೆಯ ಮೇಲೆ ಚಂಪಾಳ ಓಣಿಯ ಚುಕ್ಕಿಗಳನ್ನೆಲ್ಲ ಒಮ್ಮೆ ನೋಡಿ, "ಅಲ್ಲೀವರೆಗೆ ನೀವೂ ಒತ್ತುತ್ತಾ ಇರಿ," ಎಂದಳು. "ನಿಮ್ಮ ಓಣಿ ಪೆಟ್ಟಿಗೇಲಿ ಇರೋದನ್ನೇ ಅದು ಹಂಚೋದು. ಕೇಳಿದ್ರೆ ಕೊಡುತ್ತೆ."

ಚಂಪಾ ಕೊನೆಯ ಮಾತನ್ನಷ್ಟೇ ಕಟ್ಟಿಕೊಂಡು ಮನೆಗೆ ಬಂದಳು.

ಮಾವನ ಎದುರು ನಿಂತು ಅಷ್ಟುದ್ದ ಮಾತಾಡಿದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಹೇಳಿದ ಮಾತಿನ ದನಿ ಬರುವತನಕ ಸುಮ್ಮನಿರಬೇಡಿರಿ, ಮತ್ತೆಮತ್ತೆ ಹೇಳಿರಿ, ಇಲ್ಲವೆ ಈ ಗುಂಡಿ ಒತ್ತಿರಿ ಎಂದು ತೋರಿಸಿದಳು. ಫಕೀರಪ್ಪ ಎಲ್ಲ ಕೇಳಿಸಿಕೊಂಡ. ತುಟಿ ಒಮ್ಮೆ ಅಲುಗಿತು. ಚಂಪಾ ಕಾದು, ಕಾದು, ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ಹಾಲು ಇಳಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಆ ದೊಡ್ಡ ದನಿ ಬಂತು.

"ಬ್ಯಾಡ."

ಕಸ್ತೂರೆವ್ವ ಸಿಟ್ಟಿಗೆದ್ದಳು. "ದನಿ ಹೋದ್ರ ಹೋಗ್ಲಿ, ಮರ್ಯಾದಿ ಉಳೀಲಿ ಅಂತೀರೇನು? ನಾಳಿ ಪಟ್ಟಿ ಬಿಚ್ಚಕೊಂಡ ಹೋದ್ರ ಆ ಮರ್ಯಾದಿನ ಕೊಳ್ಳಾಗ ಕಟಗೊಂಡ ಕುಂದರ್ರಿ." ಗಂಡನ ಜವಾಬು ಕೇಳಿಸಿಕೊಳ್ಳಲು ಅವಳು ಅಲ್ಲಿ ನಿಲ್ಲಲಿಲ್ಲ.

ಸೋಮವಾರ ಡಾಕ್ಟರಮ್ಮ ಬಂದರು. ಒಳ್ಳೆಯವರೇ. ಫಕೀರಪ್ಪನ ಎದುರು ಕುಳಿತು ಹೇಗಿದ್ದೀರಿ ಎಂದು ಕೇಳಿದರು. ತುಟಿ ಅಲುಗಿತು. ಅವರು ಕಾದರು. ಪೆನ್ನಿನ ತುದಿಯಿಂದ ಮೊಣಕಾಲು ತಟ್ಟಿಕೊಂಡರು. ಕಂಪ್ಯೂಟರಿನ ಹಿಂದೆ ಕುಳಿತಿದ್ದ ಚಂಪಾ ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಅದರ ಮರೆಯಲ್ಲಿ ಗುಂಡಿಯ ಮೇಲೆ ಬೆರಳಿಟ್ಟಳು.

ಒತ್ತಿದಳು. ಪರರ ಮನೆಯ ಪಂಕ್ತಿಯಲ್ಲಿ ಕೈಚಾಚಿ ನನಗೆ ಹಾಕಿ, ನನಗೆ ಹಾಕಿ ಎಂದಂತೆ ಅವಳ ಕಿವಿ ಬಿಸಿಯಾಯಿತು. ಆದರೂ ಒತ್ತಿದಳು. ಮೊದಲ ಮಾತು ತಡವಾಗಿಯೇ ಬಂತು. ಎರಡನೆಯದು ಅಷ್ಟು ತಡವಾಗಲಿಲ್ಲ. ಮುಂದಿನದು ತುಟಿಯ ಬೆನ್ನಿಗೇ ಬಂತು. ಫಕೀರಪ್ಪ ಬೆಚ್ಚಿದ. ತನ್ನ ಕೊರಳು ಮುಟ್ಟಿಕೊಂಡ. ಇನ್ನೊಂದು ಮಾತು ಆಡಿ ನೋಡಿದ, ಅದೂ ಕೂಡಲೇ ಬಂತು.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಮುಂಡರಗಿಯ ಒಂದು ಮದುವೆಯ ಸುದ್ದಿ ತೆಗೆದ. ಬೀಗರು ಹೇಳಿದ್ದಕ್ಕಿಂತ ಹೆಚ್ಚು ಜನ ಬಂದು, ಹುಗ್ಗಿಯ ಕೊಪ್ಪರಿಗೆಯ ತಳ ಕಾಣಹತ್ತಿದಾಗ, ಬೀಗರ ಪೈಕಿ ಹಿರಿಯನೊಬ್ಬನನ್ನು ಮಾತಿಗೆ ಎಳೆದು, ಅವನಿಂದ ಅವನ ಊರಿನ ಕುಸ್ತಿಯ ಕಥೆ ಹೇಳಿಸಿ, ಪಂಕ್ತಿಯೆಲ್ಲ ಬಾಯಿಬಿಟ್ಟು ಕೇಳುತ್ತ ಕುಳಿತಿರುವಾಗ ಹಿಂದೆ ಹೊಸ ಹುಗ್ಗಿ ಬೇಯಿಸಿದ್ದನ್ನು ಹೇಳಿದ. ಹಿರಿಯನ ಮಾತಿನ ಧಾಟಿಯನ್ನೂ ಅಣಕಿಸಿದ. ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಪಟ್ಟಿ ಇವರ ಕೊರಳಲ್ಲೇ ಇರಲಿ ಎಂದು ಕಸ್ತೂರೆವ್ವನಿಗೆ ಹೇಳಿ, ಎದ್ದು ಹೊರಟರು.

ಅವರು ಹೋದ ಮೇಲೂ ಚಂಪಾಳ ಬೆರಳು ನಿಂತಿರಲಿಲ್ಲ. ಫಕೀರಪ್ಪನ ಕಣ್ಣು ಅವಳ ಸೆರಗಿನ ಅಲುಗಾಟದ ಮೇಲೆ ಬಿತ್ತು. ಪಂಕ್ತಿಯಲ್ಲಿ ಏನನ್ನೂ ತಪ್ಪಿಸಿಕೊಳ್ಳದ ಕಣ್ಣು ಅದು. ಅವನು ಬೈಯಲಿಲ್ಲ.

"ಯಾರ ಎಲಿಯಿಂದ ತಗದು ನನಗ ಹಾಕಿದಿ, ಚಂಪಾ?"

ಚಂಪಾ ತಲೆ ತಗ್ಗಿಸಿದಳು. ಓಣಿಯ ಪೆಟ್ಟಿಗೆಯಲ್ಲಿ ಇರುವುದನ್ನೇ ಹಂಚುವುದು ಎಂದು ವೈಜಯಂತಿ ಹೇಳಿದ್ದು ಈಗ ಅರ್ಥವಾಯಿತು. "ಗೊತ್ತಿಲ್ರಿ ಮಾವಾರ," ಎಂದಳು.

"ಬಡಸೋರಿಗೆ ಗೊತ್ತಿರಬೇಕವಾ."

ಸಂಜೆ ಅವಳು ಪ್ರಭುಲಿಂಗನಿಗೆ ಫೋನು ಮಾಡಿ, ನಮ್ಮ ಪೆಟ್ಟಿಗೆಯ ಮೇಲೆ ಇನ್ನು ಯಾರ್ಯಾರ ಮನೆ ಇವೆ ಎಂದು ಕೇಳಿದಳು. ಅವನು ನಗುತ್ತ ಒಂದೊಂದೇ ಮನೆ ಹೇಳಿದ. ಆಟ ಆಡುವ ಹುಡುಗರ ಮನೆ, ಶೇರು ಮಾರುವವರ ಮನೆ, ಕೋಚಿಂಗ್ ನಡೆಸುವ ಅಣ್ಣತಮ್ಮಂದಿರ ಮನೆ, ಎಲ್ಲರೂ ವಾರಕ್ಕೊಮ್ಮೆಯಾದರೂ ಅವನ ಜೀವ ತಿನ್ನುವವರು. ಇನ್ನೊಂದು, ಓಣಿಯ ಮೂಲೆಯಲ್ಲಿನ ಹುಸೇನಬಿಯ ಮನೆ. ಕೌದಿ ಹೊಲಿಯುವ ಹೆಂಗಸು, ಮಗಳು ಬಿಟ್ಟುಹೋದ ಹಳೆಯ ಕಂಪ್ಯೂಟರು ಇಟ್ಟುಕೊಂಡಿದ್ದಾಳೆ.

"ಆಕಿ ನನ್ನ ಒಮ್ಮ್ಯಾರ ಕರದಿಲ್ರಿ. ಅಲ್ಲೇನೂ ತೊಂದ್ರಿ ಇಲ್ಲ ಅಂತ ನಾನು..." ಎಂದವನು ಅಲ್ಲಿಗೇ ನಿಂತ. ನಗು ನಿಂತಿತ್ತು.

ಮರುದಿನ ಮನೆಗೆಲಸ ಮುಗಿಸಿ ಚಂಪಾ ಹೋಗಿ ಹುಸೇನಬಿಯನ್ನು ಕರೆತಂದಳು. ಮಾವ ಕರೆಯುತ್ತಾರೆ ಎಂದಷ್ಟೇ ಹೇಳಿದ್ದಳು. ಹುಸೇನಬಿ ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದು, ಹೊಸ್ತಿಲ ಬಳಿಯ ಚಾಪೆಯ ಮೇಲೆ ತುದಿಯಲ್ಲಿ ಕುಳಿತಳು.

ಇಂದು ಗುಂಡಿ ಮುಟ್ಟಬೇಡವೆಂದು ಫಕೀರಪ್ಪ ಸೊಸೆಗೆ ಮೊದಲೇ ಕೈಸನ್ನೆ ಮಾಡಿದ್ದ. ಅವನ ತುಟಿ ಅಲುಗಿ ನಿಂತಿತು. ದನಿ ಬರಲಿಲ್ಲ. ಹುಸೇನಬಿ ಅತ್ತಿತ್ತ ನೋಡಲಿಲ್ಲ, ಬೇರೆ ಮಾತು ತೆಗೆಯಲಿಲ್ಲ. ಕೈ ಮಡಿಲಲ್ಲಿಟ್ಟು ಕಾದಳು. ಅವನೂ ಕಾದ. ಇಷ್ಟು ನೆಮ್ಮದಿಯಿಂದ ಅವನ ಮಾತಿಗೆ ಕಾದವರನ್ನು ಚಂಪಾ ನೋಡಿಯೇ ಇರಲಿಲ್ಲ.

"ನಿಮ್ಮ ಮನ್ಯಾಗ ಇಂಟರ್ನೆಟ್ ಹೆಂಗ ಐತವಾ, ಸಾಕಾಗತೈತೇನು?" ಎಂದು ದನಿ ಬಂತು.

"ಏನೂ ತೊಂದ್ರಿ ಇಲ್ರಿ ಅಣ್ಣಾರ. ನಡೀತೈತಿ."

ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರನ್ನು ಹಾಗೇ ಬಿಟ್ಟು ಮುಂದೆ ಹೋಗುವವನು ಬಡಿಸುವವನೇ ಅಲ್ಲ. ಫಕೀರಪ್ಪ ಮತ್ತೆ ಕೇಳಿದ. ದನಿ ಬರಲು ಈ ಸಲ ಇನ್ನೂ ಹೊತ್ತಾಯಿತು. ಅದು ಬಂದ ಮೇಲೆ ಹುಸೇನಬಿ ಸೆರಗಿನ ಸೂಜಿ ತೆಗೆದು ಮತ್ತೆ ಚುಚ್ಚಿಕೊಂಡಳು.

"ಅಕ್ಷರ ಕಲಿಯಾಕತ್ತೀನ್ರಿ," ಎಂದಳು ಕೊನೆಗೆ, ಯಾರಿಗೂ ಹೇಳಬಾರದ್ದನ್ನು ಹೇಳುವಂತೆ. "ದೊಡ್ಡವರಿಗಂತ ಕಂಪ್ಯೂಟರದಾಗ ಪಾಠ ಮಾಡತಾರಲ್ರಿ, ಅದು. ಕಲಸೋ ಬಾಯಾರು ಕೇಳತಾರ, ನಾ ಹೇಳತೀನಿ. ಅಷ್ಟರಾಗ ಉಳದಾರೆಲ್ಲ ಹೇಳಿ ಮುಗಸಿರತಾರ. ನಂದು ಆಮ್ಯಾಲ ಕೇಳಸತೈತಿ, ಎಲ್ಲಾರೂ ನಗತಾರ. ನನ್ನ ತಲಿನ ನಿಧಾನ ಐತ್ರಿ, ವಯಸ್ಸಾತಲ್ಲ. ಈ ತಿಂಗಳ ಬಿಟ್ಟಬಿಡಬೇಕಂತ ಮಾಡೀನಿ."

ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಚಂಪಾ ಅವಳ ಪಕ್ಕಕ್ಕೆ ಬಂದು ಕುಳಿತಳು. ಅದು ತಲೆಯದಲ್ಲ, ತಂತಿಯದು ಎಂದು ಹೇಳಿದಳು. ಸುಮ್ಮನಿದ್ದವರಿಗೆ ಕಡಿಮೆ ಮಾಡುವ, ತಂತಿ ಕಿತ್ತ ಮನೆಯ ಪಾಲನ್ನಷ್ಟೇ ಉಳಿದವರಿಗೆಲ್ಲ ಸಮನಾಗಿ ಹಂಚುವ ಪಾಲುಗಾರನ ಸಂಗತಿ ಹೇಳಿದಳು. ನಿನ್ನೆ ತಾನು ಗುಂಡಿ ಒತ್ತಿ ಎಳೆದುಕೊಂಡದ್ದು ಬಹುಶಃ ನಿಮ್ಮ ಪಾಲು ಎಂಬುದನ್ನೂ, ದನಿ ಸಣ್ಣದಾದರೂ, ಹೇಳಿಬಿಟ್ಟಳು. ಹುಸೇನಬಿಗೆ ಆ ಎಳೆದುಕೊಂಡ ಪಾಲಿನ ಮಾತು ಕೇಳಿಸಿದಂತೆ ಕಾಣಲಿಲ್ಲ. ಅವಳು ಹಿಂದಿನ ಮಾತಿನಲ್ಲೇ ನಿಂತಿದ್ದಳು.

"ತಂತೀದಾ?" ಎಂದಳು. "ನಂದಲ್ಲಾ?"

"ನಿಮ್ಮದಲ್ರಿ."

"ನಿನ್ನಿ ನನ್ನ ಹೆಸರು ಕೂಗಿದ್ರು. ಉತ್ತರ ನನಗ ಬರತಿತ್ತು." ಅವಳು ಗೋಡೆಯ ಮೇಲಿನ ಗಡಿಯಾರ ನೋಡಿದಳು. ಅದನ್ನು ಓದಲು ಅವಳು ಈಗಾಗಲೇ ಕಲಿತಿದ್ದಳು. "ಈಗೂ ಪಾಠ ನಡದಿರತೈತ್ರಿ. ನೀವು ಕರದ್ರಿ ಅಂತ ಬಂದೆ."

ಫಕೀರಪ್ಪ ಎದ್ದ. ಕಂಪ್ಯೂಟರಿನ ಹಿಂದೆ ಬಗ್ಗಿ, ಬೆರಳಿನಿಂದ ತಡಕಾಡಿ, ತಂತಿಯ ತುದಿಯ ಪುಟ್ಟ ನಾಲಗೆಯನ್ನು ಅದುಮಿ ಎಳೆದ. ಕಳಚಿದ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹುಸೇನಬಿಯ ಕಡೆ ತಿರುಗಿದ. ತುಟಿ ಅಲುಗಿತು. ಈಗ ದನಿ ಬರುವಂತಿರಲಿಲ್ಲ. ಹುಸೇನಬಿ ಅದಕ್ಕೆ ಕಾಯಲೂ ಇಲ್ಲ. ಅವನ ತುಟಿಯ ಮೇಲಿನ ಮಾತು, ಓಡವಾ, ಲಗೂನ ಓಡು ಎಂಬ ಮಾತು, ಅವಳಿಗೆ ಆ ಕ್ಷಣಕ್ಕೇ ಮುಟ್ಟಿತ್ತು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಅವಳು ಆಗಲೇ ಓಣಿಯಲ್ಲಿದ್ದಳು.